ಮಾಯೂತನಕ ಇದ್ದಾಕಿ

ಗಾಯದ ಪಟ್ಟಿ ಬಿಚ್ಚುವ ಮೊದಲು ಅವರು ಅದನ್ನು ಮೂಸಿ ನೋಡುತ್ತಿದ್ದರು. ಮೂಗು ತಾಗುವಷ್ಟು ಬಾಗಿ, ಕಣ್ಣು ಮುಚ್ಚಿ, ಒಂದೇ ಸಲ ಉಸಿರೆಳೆಯುತ್ತಿದ್ದರು. ಹೊಸದಾಗಿ ನೋಡಿದವರಿಗೆ ಹೇಸಿಗೆಯಾಗುತ್ತಿತ್ತು. ನನಗೂ ಆಗಿತ್ತು. ನನ್ನ ಮುಖ ನೋಡಿ ಅವರು ಹೇಳಿದ್ದರು: "ಮಾಸ್ತರ, ಕೀವು ಕಣ್ಣಿಗೆ ಕಾಣೂಕಿಂತ ಒಂದ ದಿವಸ ಮೊದಲ ಮೂಗಿಗೆ ಗೊತ್ತಾಕ್ಕೈತಿ. ಆ ಒಂದ ದಿವಸದಾಗ ಕೈ ಉಳೀತೈತಿ, ಇಲ್ಲಾ ಹೋಗ್ತೈತಿ."

ಅವರು ಬೈಲಹೊಂಗಲದ ಒಂದು ಧರ್ಮಾರ್ಥ ದವಾಖಾನೆಯಲ್ಲಿ ನರ್ಸಬಾಯಿ. ಊರಿನ ಕೆಲವು ವ್ಯಾಪಾರಸ್ಥರು ಕೂಡಿ ಕಟ್ಟಿಸಿದ ಆ ದವಾಖಾನೆ ಈಗ ಇಲ್ಲ. ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು ಇದು. ಹದಿನೈದು ಕಾಟು, ವಾರಕ್ಕೆ ಎರಡು ಸಲ ಬೆಳಗಾವಿಯಿಂದ ಬಂದು ಹೋಗುವ ಒಬ್ಬ ಡಾಕ್ಟರು, ಉಳಿದ ಐದು ದಿನ ಈ ಬಾಯಿ. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಲು ಹೊಸದಾಗಿ ಬಂದವನು. ದವಾಖಾನೆಯ ಎದುರಿಗೆ ಒಂದು ಬಾಡಿಗೆ ಕೋಲಿ ಹಿಡಿದಿದ್ದೆ. ಬಂದ ಮೊದಲ ಮಳೆಗಾಲದಲ್ಲಿ ವಿಷಮಜ್ವರ ಹತ್ತಿ ಇಪ್ಪತ್ತೊಂದು ದಿನ ಅಲ್ಲಿ ಮಲಗಿದ್ದೆ. ನನಗೆ ಗಂಜಿ ಕುಡಿಸಿ ಬದುಕಿಸಿದವರು ಅವರೇ.

ಅವರ ಹೆಸರು ಬರೆಯುವುದಿಲ್ಲ. ನನ್ನ ಅಕ್ಷರದಲ್ಲಿ ಆ ಹೆಸರು ಒಂದು ಸಲ ಕಾಗದದ ಮೇಲೆ ಬಂದು ಮಾಡಬೇಕಾದಷ್ಟು ಹಾನಿ ಮಾಡಿಯಾಗಿದೆ. ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ 'ಅವರು' ಎಂದು ಬರೆಯುತ್ತಿದ್ದೇನೆ. ಆಗ ಊರೆಲ್ಲ 'ಆಕಿ' ಅನ್ನುತ್ತಿತ್ತು. ನನಗಿಂತ ಹದಿನೈದು ವರ್ಷ ದೊಡ್ಡವರಾದರೂ ನಾನೂ ಹಾಗೇ ಅನ್ನುತ್ತಿದ್ದೆ. ಅವರ ತಂದೆ ಬುದ್ಧಧರ್ಮ ಸೇರಿದವರು. ಕೇರಿಯ ಹೆಸರು ಬಿಟ್ಟು ಬಂದರೂ ಊರು ಅದನ್ನು ಬಿಟ್ಟಿರಲಿಲ್ಲ. ಕಿತ್ತೂರು ಕಡೆಯ ಒಂದು ದೊಡ್ಡ ಮನೆಯಲ್ಲಿ ಅಡ್ಡ ಬಿದ್ದ ಕೂಸನ್ನು ತಿರುಗಿಸಿ ಹೆರಿಗೆ ಮಾಡಿಸಿದ ಮೇಲೆ, ಬಾಣಂತಿಗೆ ನೀರು ಕುಡಿಸಲು ತಂಬಿಗೆ ಎತ್ತಿದರೆ ಅತ್ತೆ ಕಸಿದುಕೊಂಡಳಂತೆ. "ಕೂಸಿನ್ನ ಎಳಿಯಾಕ ನನ್ನ ಕೈ ನಡೀತೈತಿ, ನೀರ ಕೊಡಾಕ ನಡಿಯೂದಿಲ್ಲಂತ" ಎಂದು ಅವರು ಇದನ್ನು ಹೇಳುವಾಗ ನಗುತ್ತಿದ್ದರು. ನಾನು ನಗಬೇಕೋ ಬೇಡವೋ ತಿಳಿಯದೆ ಕಿಟಕಿ ಕಡೆ ನೋಡುತ್ತಿದ್ದೆ. ನಮ್ಮ ಮನೆಯಲ್ಲೂ ಅವ್ವ ಅದನ್ನೇ ಮಾಡುತ್ತಿದ್ದಳು.

ಅವರ ನಾಲಿಗೆ ಮಾತ್ರ ಬಹಳ ಹರಿತ. ಗಾಯಕ್ಕೆ ಸೆಗಣಿ ಮೆತ್ತಿಕೊಂಡು ಬಂದ ದೇಗಾಂವದ ರೈತನಿಗೆ, "ಅಷ್ಟ ಚಲೋ ಔಷಧಾ ಇದ್ರ ರೊಟ್ಟಿಗೂ ಹಚ್ಚಕೊಂಡ ತಿನ್ನು" ಎಂದು ಬೈಯುತ್ತಲೇ ಅರ್ಧ ತಾಸು ಕೂತು ಒಂದೊಂದೇ ಎಳೆ ತೆಗೆದು ಗಾಯ ತೊಳೆದಿದ್ದರು. ರೋಗಿಗಳಿಗೆ ಎಲ್ಲರೂ ಹೇಳುವ "ಏನೂ ಆಗೂದಿಲ್ಲ" ಎಂಬ ಮಾತನ್ನು ಅವರ ಬಾಯಲ್ಲಿ ನಾನು ಎಂದೂ ಕೇಳಲಿಲ್ಲ. "ನೋಡೂಣು" ಅನ್ನುತ್ತಿದ್ದರು. ಹೆಚ್ಚೆಂದರೆ, "ನಾ ಇಲ್ಲೇ ಇರತೇನಿ" ಅನ್ನುತ್ತಿದ್ದರು.

ಅವರದು ಇನ್ನೊಂದು ಮಾತಿತ್ತು. ಬೆಳಗಾವಿಯ ಡಾಕ್ಟರು ಕೊಯ್ದು, ಹೊಲಿದು, ಕೈ ತೊಳೆದು ಸಂಜೆಯ ಬಸ್ಸು ಹಿಡಿದ ಮೇಲೆ ಕತ್ತರಿ ಚಿಮಟಿಗೆಗಳನ್ನು ಕುದಿಯುವ ನೀರಿಗೆ ಹಾಕುತ್ತ ಹೇಳುತ್ತಿದ್ದರು: "ಕೊಯ್ಯೂದು ಅರ್ಧಾ ತಾಸಿನ ಕೆಲಸ ಮಾಸ್ತರ. ಮಾಯೂದು ಒಂದೂವರಿ ತಿಂಗಳಿಂದು. ಕೊಯ್ದಾವರ ಹೆಸರ ಎಲ್ಲಾರೂ ಹೇಳ್ತಾರ. ಮಾಯೂತನಕ ಇದ್ದಾವರ ಹೆಸರು ಯಾರಿಗೆ ಬೇಕಾಗೈತಿ?"

ಒಂದು ಜನವರಿಯಲ್ಲಿ ಪರದೇಶದ ಡಾಕ್ಟರುಗಳ ತಂಡ ಬರುತ್ತದೆ ಎಂದು ಸುದ್ದಿಯಾಯಿತು. ಹದಿನೆಂಟು ದಿನ ಪುಕ್ಕಟೆ ಕಣ್ಣಿನ ಆಪರೇಶನ್. ಸವದತ್ತಿ, ರಾಮದುರ್ಗ, ಕಿತ್ತೂರುಗಳಿಂದ ಚಕ್ಕಡಿ ಕಟ್ಟಿಕೊಂಡು, ಬಸ್ಸು ಹತ್ತಿ, ಮಕ್ಕಳ ಕೈ ಹಿಡಿದುಕೊಂಡು ಪೊರೆ ಬಂದ ಕಣ್ಣಿನ ಮುದುಕರು ಬಂದು ದವಾಖಾನೆಯ ಅಂಗಳದಲ್ಲಿ ಕುಳಿತರು. ಟ್ರಸ್ಟಿನ ಅಧ್ಯಕ್ಷರು ಅಡತಿ ವ್ಯಾಪಾರದ ಸಾವಕಾರರು. ಅವರು ನನ್ನನ್ನು ಕರೆಸಿ, "ನೀವ ದುಭಾಷಿ ಆಗಬೇಕ ನೋಡ್ರಿ. ಊರ ಮರ್ಯಾದಿ ನಿಮ್ಮ ನಾಲಿಗಿ ಮ್ಯಾಲ ಐತಿ" ಎಂದರು. ನಾನು ಹೊಸ ಪ್ಯಾಂಟು ಹೊಲಿಸಿಕೊಂಡೆ.

ಬಂದವರು ಕೆಟ್ಟವರಾಗಿರಲಿಲ್ಲ. ಕೆಟ್ಟವರಾಗಿದ್ದರೆ ಬರೆಯುವುದು ಸುಲಭವಾಗುತ್ತಿತ್ತು. ಅವರ ಹಿರಿಯ ಡಾಕ್ಟರು ಬಿಳಿ ಹುಬ್ಬಿನ ಮೆತ್ತಗಿನ ಮನುಷ್ಯ. ತಮ್ಮ ರಜೆಯಲ್ಲಿ, ತಮ್ಮ ಖರ್ಚಿನಲ್ಲಿ ಬಂದಿದ್ದರು. ಅವರ ಕೈ ಕಣ್ಣಿನ ಮೇಲೆ ಆಡುವುದನ್ನು ನೋಡಿ ನಮ್ಮ ಬಾಯಿಯೂ, "ಕೈ ಅಂದ್ರ ಕೈ ಇದು" ಎಂದು ನನಗೆ ಪಿಸುಗುಟ್ಟಿದ್ದರು. ಅವರ ಜೊತೆ ಇನ್ನೊಬ್ಬ ಡಾಕ್ಟರು, ಮತ್ತು ವೈದ್ಯಕೀಯ ಇನ್ನೂ ಓದುತ್ತಿದ್ದ ಒಬ್ಬ ಯುವಕ. ನಗುಮುಖದವನು. ರೋಗಿಗಳ ಜೊತೆ ನೆಲದ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದ. ಎರಡನೆಯ ವಾರದಲ್ಲಿ ಹಿರಿಯರು ಪಕ್ಕದಲ್ಲಿ ನಿಂತು ಅವನ ಕೈಗೆ ಚಾಕು ಕೊಟ್ಟರು.

ಅಂದು ಮಧ್ಯಾಹ್ನ ಬಾಯಿ ನನ್ನನ್ನು ಕರೆದು, "ಆ ಹುಡುಗಪ್ಪ ತಮ್ಮ ಊರಾಗೂ ಕಣ್ಣ ಕೊಯ್ತಾನೇನು, ಕೇಳ್ರಿ" ಎಂದರು. ಕೇಳಿದೆ. ಅವನು ನಕ್ಕು, ಅಲ್ಲಿ ತನಗೆ ದೀಪ ಹಿಡಿಯಲು ಬಿಟ್ಟರೆ ಅದೇ ದೊಡ್ಡದು, ಇನ್ನೂ ಆರು ವರ್ಷ ಚಾಕು ಮುಟ್ಟಿಸುವುದಿಲ್ಲ, ಇಲ್ಲಿಗೆ ಬಂದದ್ದು ತನ್ನ ಪುಣ್ಯ ಎಂದ. ಇದನ್ನು ಬಾಯಿಗೆ ಇದ್ದ ಹಾಗೇ ಹೇಳಿದೆ. ಅವರು ನಗಲಿಲ್ಲ.

ಹದಿನಾರನೆಯ ದಿನ ಬೆಳಿಗ್ಗೆ ಆಪರೇಶನ್ ಕೋಣೆಯ ಹೊರಗೆ ಎಲ್ಲರೂ ನಿಂತಿದ್ದೆವು. ಇನ್ನೂ ಇಪ್ಪತ್ತಕ್ಕೂ ಮೇಲೆ ರೋಗಿಗಳು ಉಳಿದಿದ್ದರು. ಯಾರನ್ನೂ ಬರಿಗೈಯಲ್ಲಿ ಕಳಿಸುವುದಿಲ್ಲ, ಹೊರಡುವ ಹಿಂದಿನ ದಿನದವರೆಗೂ ಕೆಲಸ ಮಾಡುತ್ತೇವೆ, ಹುಡುಗನೂ ಒಂದು ಮೇಜು ನೋಡಿಕೊಳ್ಳುತ್ತಾನೆ ಎಂದರು ಹಿರಿಯ ಡಾಕ್ಟರು. ಅಧ್ಯಕ್ಷರು ಕೈಮುಗಿದರು. ಆಗ ಬಾಯಿ ಮುಂದೆ ಬಂದರು.

"ಮಾಸ್ತರ, ಸಾಹೇಬರಿಗೆ ಹೇಳ್ರಿ. ಇವತ್ತಿಂದ ಚಾಕು ಬ್ಯಾಡ. ಇವರು ಹ್ವಾದ ಮ್ಯಾಲ ಕಣ್ಣ ಕೆಟ್ರ ನೋಡಾವರು ಇಲ್ಲಿ ಯಾರೂ ಇಲ್ಲ. ನಮ್ಮ ಡಾಕ್ಟರಿಗೆ ಕಣ್ಣಿನ ಕೆಲಸ ಗೊತ್ತಿಲ್ಲ. ನನ್ನ ಕಡೆ ಔಷಧಾನೂ ಇಲ್ಲ. ಮತ್ತ ಆ ರಾಮದುರ್ಗದ ನೇಕಾರ ಅದಾನಲ್ಲ, ಅವನ ಎಡಗಣ್ಣು ಸಣ್ಣಂದಿನಾಗ ಮೈಲಿಬ್ಯಾನಿಗೆ ಹೋಗೇತಿ. ಇರೂದು ಒಂದ ಕಣ್ಣು. ಅದನ್ನ ಆ ಹುಡುಗನ ಕೈಯಾಗ ಕೊಡಬ್ಯಾಡ್ರಿ ಅಂತ ಹೇಳ್ರಿ."

ಹಿರಿಯ ಡಾಕ್ಟರು ನನ್ನ ಕಡೆ ತಿರುಗಿ, ಸಿಸ್ಟರ್ ಏನು ಹೇಳುತ್ತಿದ್ದಾರೆ ಎಂದು ಕೇಳಿದರು. ಅಧ್ಯಕ್ಷರೂ ಕೇಳಿದರು, "ಏನಂತಾಳ ಆಕಿ?" ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು; ಆ ಮಾತು ಪ್ರಶ್ನೆಯಲ್ಲ, ನನಗೆ ಕೊಟ್ಟ ಎಚ್ಚರಿಕೆ. ಹಿಂದಿನ ದಿನವಷ್ಟೇ ಹಿರಿಯ ಡಾಕ್ಟರು ನನ್ನ ಇಂಗ್ಲಿಷನ್ನು ಹೊಗಳಿ, ಹೊರಡುವಾಗ ಒಂದು ಪ್ರಶಂಸಾಪತ್ರ ಕೊಡುವುದಾಗಿ ಹೇಳಿದ್ದರು. ಹದಿನಾರು ದಿನ ಅವರ ಜೊತೆ ಮೇಜಿನ ಮೇಲೆ ಉಂಡಿದ್ದೆ. ಬಾಯಿ ಹಿಂದೆ ಕತ್ತರಿ ಕುದಿಸುತ್ತಿದ್ದರು. ಆ ಮಾತನ್ನು ಆಡಿದವರು ಯಾವುದಾದರೂ ದೊಡ್ಡ ಮನೆತನದ ಹೆಣ್ಣುಮಗಳಾಗಿದ್ದರೆ ನಾನು ಅಕ್ಷರ ಬಿಡದೆ ಹೇಳುತ್ತಿದ್ದೆ. ಇದು ಆಮೇಲೆ ಹೊಳೆದದ್ದಲ್ಲ. ಅಲ್ಲಿ ನಿಂತಾಗಲೇ ಗೊತ್ತಿತ್ತು.

ನಾನು ಇಂಗ್ಲಿಷಿನಲ್ಲಿ ಹೇಳಿದೆ: ಎಲ್ಲವೂ ತಯಾರಿದೆ ಎನ್ನುತ್ತಿದ್ದಾರೆ, ನೀವು ಹೋದ ಮೇಲೆ ಪಟ್ಟಿ ಕಟ್ಟುವ ಕೆಲಸ ತಾವೇ ನೋಡಿಕೊಳ್ಳುತ್ತಾರಂತೆ, ಕ್ರಮ ಒಮ್ಮೆ ತೋರಿಸಿಕೊಡಿ ಎಂದು ಕೇಳುತ್ತಿದ್ದಾರೆ.

ಹಿರಿಯರು ಸಂತೋಷದಿಂದ ಬಾಯಿಯ ಭುಜ ತಟ್ಟಿದರು. ಬಾಯಿ ನನ್ನ ಮುಖವನ್ನೇ ನೋಡಿದರು. ಆಮೇಲೆ ಒಳಗೆ ಹೋಗಿ ಕೈ ತೊಳೆಯತೊಡಗಿದರು.

ರಾಮದುರ್ಗದ ನೇಕಾರ ನಲವತ್ತೈದರ ಮನುಷ್ಯ. ಅವನ ಸರದಿ ಹದಿನೇಳನೆಯ ದಿನ ಬಂತು. ಆಪರೇಶನ್ನಿಗೆ ಕರೆದೊಯ್ಯುವಾಗ, "ಏನೂ ಆಗೂದಿಲ್ಲಲ್ರಿ ಮಾಸ್ತರ?" ಎಂದು ನನ್ನನ್ನು ಕೇಳಿದ. ಏನೂ ಆಗುವುದಿಲ್ಲ ಎಂದೆ. ಹುಡುಗ ಅವನ ಕಣ್ಣಿನ ಮೇಲೆ ಒಂದು ತಾಸಿಗಿಂತ ಹೆಚ್ಚು ಹೊತ್ತು ಕೆಲಸ ಮಾಡಿದ. ಹಿರಿಯರಿಗೆ ಅದು ಹದಿನೈದು ನಿಮಿಷದ ಕೆಲಸ. ಅವರು ಪಕ್ಕದ ಮೇಜಿನಲ್ಲಿದ್ದರು. ನಡುವೆ ಎರಡು ಸಲ ಬಂದು ನೋಡಿ ಹೋದರು.

ಅದರ ಮರುದಿನವೇ ತಂಡ ಹೊರಟಿತು. ಹಾರ, ಶಾಲು, ಭಾಷಣ. ದವಾಖಾನೆಯ ಮೆಟ್ಟಿಲ ಮೇಲೆ ಫೋಟೋ ತೆಗೆದರು. ಅದರಲ್ಲಿ ನಾನಿದ್ದೇನೆ, ಅಧ್ಯಕ್ಷರಿದ್ದಾರೆ, ಅಧ್ಯಕ್ಷರ ಅಳಿಯ ಕೂಡ ಇದ್ದಾನೆ. ಬಾಯಿ ಇಲ್ಲ. ಅವರು ಒಳಗೆ, ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಕಾಟಿನ ಮೇಲೂ ನೆಲದ ಮೇಲೂ ತಲೆ ಅಲುಗಿಸದೆ ಮಲಗಿದ್ದ ಇಪ್ಪತ್ತು ಮಂದಿಯ ನಡುವೆ ಒಬ್ಬರೇ ಇದ್ದರು. ಒಬ್ಬೊಬ್ಬರಿಗೂ ಮಲಗಿದಲ್ಲೇ ಚಮಚದಿಂದ ಗಂಜಿ ಕುಡಿಸಬೇಕಾಗಿತ್ತು. ಕಾರುಗಳು ಬೆಳಗಾವಿಯ ಕಡೆ ಹೋದ ಮೇಲೆ ಊರು ತನ್ನ ಕೆಲಸಕ್ಕೆ ಹೋಯಿತು.

ಮೂರನೆಯ ಮುಂಜಾನೆ ಬಾಯಿ ನನ್ನ ಕೋಲಿಗೆ ಬಂದರು. ಅವರು ನನ್ನ ಹೊಸ್ತಿಲಿಗೆ ಬಂದದ್ದು ಅದೊಂದೇ ಸಲ. "ನೇಕಾರನ ಪಟ್ಟಿ ವಾಸನಿ ಬಡ್ಯಾಕತ್ತೈತಿ. ಹುಬ್ಬಳ್ಳಿಗೆ ಒಯ್ಯಬೇಕು. ಅಲ್ಲೆ ಕಣ್ಣಿನ ಡಾಕ್ಟರ್ ಅದಾರ. ಅಧ್ಯಕ್ಷರ ಕಾರ ಕೇಳ್ರಿ, ನಿಮ್ಮ ಮಾತ ಕೇಳ್ತಾರ" ಎಂದರು. ಕೇಳಿದೆ. ಪರದೇಶದವರು ಮಾಡಿದ ಆಪರೇಶನ್ ಕೆಟ್ಟಿತು ಎಂದು ಹುಬ್ಬಳ್ಳಿಗೆಲ್ಲ ಸಾರಬೇಕೇನು, ಎರಡು ದಿನ ನೋಡೋಣ ಎಂದರು ಅಧ್ಯಕ್ಷರು. ಬಾಯಿ ಎರಡು ದಿನ ನೋಡಲಿಲ್ಲ. ನೇಕಾರನನ್ನೂ ಅವನ ಹೆಂಡತಿಯನ್ನೂ ಕರೆದುಕೊಂಡು ಬಸ್ ಹತ್ತಿದರು. ಧಾರವಾಡದಲ್ಲಿ ಇಳಿದು ಬೇರೆ ಬಸ್ಸು. ದಾರಿಯುದ್ದಕ್ಕೂ ಅವನ ತಲೆಯನ್ನು ತಮ್ಮ ಎರಡೂ ಅಂಗೈಯಲ್ಲಿ ಹಿಡಿದುಕೊಂಡು ಕೂತಿದ್ದರಂತೆ.

ಹುಬ್ಬಳ್ಳಿಯಲ್ಲಿ ಕಣ್ಣು ತೆಗೆಯಬೇಕಾಯಿತು. ಒಳಗೆಲ್ಲ ಕೀವು. ತಡಮಾಡಿದ್ದರೆ ಮೆದುಳಿಗೆ ಏರುತ್ತಿತ್ತು, ಜೀವ ಉಳಿದದ್ದೇ ಹೆಚ್ಚು ಎಂದರು. ಇತ್ತ ದವಾಖಾನೆಯಲ್ಲಿ ಉಳಿದವರ ಪಟ್ಟಿಗಳನ್ನು ಎರಡು ದಿನ ಕಂಪೌಂಡರ್ ಬದಲಾಯಿಸಿದ. ಅವರಲ್ಲಿ ಇನ್ನಿಬ್ಬರ ಕಣ್ಣು ಕೆಟ್ಟವು. ಉಳಿದವರಿಗೆ ಕಣ್ಣು ಬಂತು, ಅದನ್ನೂ ಹೇಳಬೇಕು. ಕಣ್ಣು ಬಂದವರು ಬದುಕಿರುವ ತನಕ ಆ ಡಾಕ್ಟರುಗಳನ್ನು ದೇವರು ಎನ್ನುತ್ತಿದ್ದರು. ಅವರ ಮಟ್ಟಿಗೆ ಅದು ಖರೆ.

ಎರಡು ತಿಂಗಳ ಮೇಲೆ ಹಿರಿಯ ಡಾಕ್ಟರಿಂದ ಪತ್ರ ಬಂತು. ಆತಿಥ್ಯಕ್ಕೆ ವಂದನೆ, ಮುಂದಿನ ವರ್ಷ ಮತ್ತೆ ಬರುವ ಆಸೆ. ಕೊನೆಗೆ ನಾಲ್ಕು ಸಾಲು: ಕೆಲವು ಕಣ್ಣುಗಳಿಗೆ ಸೋಂಕಾದ ಸಂಗತಿ ತಿಳಿದು ದುಃಖವಾಯಿತು, ಇಂಥದು ಬಹುತೇಕ ಆಮೇಲಿನ ಶುಶ್ರೂಷೆಯಲ್ಲಿ ಏನಾದರೂ ಕೊರತೆಯಾದಾಗ ಆಗುತ್ತದೆ, ಆ ಹೊಣೆಯನ್ನು ಸಿಸ್ಟರ್ ತಾವಾಗಿ ವಹಿಸಿಕೊಂಡಿದ್ದರು, ಆಕೆಯನ್ನು ಕಠಿಣವಾಗಿ ಕಾಣಬೇಡಿ.

ಅಧ್ಯಕ್ಷರು ಅದನ್ನು ಕನ್ನಡಕ್ಕೆ ಮಾಡಿಸಿದರು. ಹೆಸರು ಮೂಲದಲ್ಲಿರಲಿಲ್ಲ. "ಯಾವ ಸಿಸ್ಟರ್ ಅಂತ ಮಂದಿಗೆ ಹ್ಯಾಂಗ ತಿಳೀಬೇಕು? ಹೆಸರ ಹಾಕ್ರಿ" ಎಂದರು. ಹಾಕಿದೆ. 'ಏನಾದರೂ ಕೊರತೆ' ಎಂಬುದು ನನ್ನ ಕನ್ನಡದಲ್ಲಿ 'ಬೇಜವಾಬ್ದಾರಿ' ಆಯಿತು. ಕಡೆಯ ಸಾಲನ್ನು ಬಿಟ್ಟೆ. ಟ್ರಸ್ಟಿನ ಸಭೆಯಲ್ಲಿ ಅದನ್ನು ಓದಿದವನೂ ನಾನೇ. ಬಾಗಿಲ ಹತ್ತಿರ ನೇಕಾರ, ಅವನ ಹೆಂಡತಿ ಕೂತಿದ್ದರು. ಬಾಯಿ ಗೋಡೆಗೆ ಆತು ನಿಂತಿದ್ದರು. ಓದಿ ಮುಗಿದ ಮೇಲೆ, "ಮುಗೀತ್ರೀ?" ಎಂದು ಕೇಳಿದರು. ಮುಗಿಯಿತು ಎಂದೆ. ಸೆರಗು ಸರಿಮಾಡಿಕೊಂಡು ಹೊರಗೆ ಹೋದರು. ಅಂದೇ ಟ್ರಸ್ಟಿನವರು ಅವರಿಂದ ರಾಜೀನಾಮೆ ಬರೆಸಿಕೊಂಡರು. ನನಗೆ ಬಂದ ಪ್ರಶಂಸಾಪತ್ರ ಒಂದು ಅರ್ಜಿಗೆ ಲಗತ್ತಾಗಿ ಧಾರವಾಡದ ನೌಕರಿ ತಂದುಕೊಟ್ಟಿತು.

ಮುಂದೆ ಮೂರು ವರ್ಷ ತಂಡ ಬರುತ್ತಲೇ ಇತ್ತು, ಪ್ರತಿ ಸಲ ಒಬ್ಬ ಹೊಸ ಹುಡುಗನ ಜೊತೆ. ಆಮೇಲೆ ಯಾಕೋ ಬರಲಿಲ್ಲ. ಬಹುಶಃ ಇನ್ನೊಂದು ದೇಶ ಹಿಡಿದಿರಬೇಕು.

ಬಾಯಿ ಸವದತ್ತಿಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು ಹೆರಿಗೆ ಮಾಡಿಸುತ್ತಾರೆ ಎಂದು ಕೇಳಿದ್ದೆ. ನಾಲ್ಕು ವರ್ಷದ ಮೇಲೆ ಒಂದು ಮಧ್ಯಾಹ್ನ ಹುಡುಕಿಕೊಂಡು ಹೋದೆ. ಕೂದಲು ಬೆಳ್ಳಗಾಗಿತ್ತು. ಹಿತ್ತಲಿನಲ್ಲಿ ಬಟ್ಟೆ ಕುದಿಸುತ್ತಿದ್ದರು. "ಬರ್ರಿ ಮಾಸ್ತರ, ಕುಂಡ್ರಿ" ಎಂದು ಕುರ್ಚಿ ಎಳೆದರು. ನೀರು ಕೊಡಲಿಲ್ಲ. ನಾನು ಕೇಳಿ ಕುಡಿದೆ. ಆಮೇಲೆ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತನ್ನು ಬಿಚ್ಚಿದೆ: ಅಂದು ನೀವು ಹೇಳಿದ್ದನ್ನು ನಾನು ಸಾಹೇಬರಿಗೆ ಹೇಳಲೇ ಇಲ್ಲ, ಬೇರೆಯದನ್ನು ಹೇಳಿದೆ.

"ಗೊತ್ತೈತಿ" ಎಂದರು.

"ಹ್ಯಾಂಗ?"

"ಮಿಷನ್ ದವಾಖಾನಿಯಾಗ ಮೂರ ವರ್ಷ ಕಲ್ತಾಕಿ ನಾನು. ಪಾಠ ಎಲ್ಲಾ ಇಂಗ್ಲಿಷಿನಾಗ. ನಿಮ್ಮಷ್ಟ ಚಂದ ಮಾತಾಡಾಕ ಬರೂದಿಲ್ಲ. ತಿಳೀತೈತಿ."

ನನಗೆ ಸಿಟ್ಟು ಬಂತು. ನಾಚಿಕೆಯ ಬದಲು ಸಿಟ್ಟು. "ಹಂಗಿದ್ರ ನೀವ ಹೇಳಬೇಕಿತ್ತಲ್ಲ!"

"ನರ್ಸಬಾಯಿ ಹೇಳಿದ್ರ ಯಾರ ಕೇಳ್ತಾರ? ಕಾಲೇಜಿನ ಮಾಸ್ತರ ಹೇಳಿದ್ರ ಕೇಳ್ತಾರಂತ ನಿಮ್ಮ ಕಡೆ ಹೇಳಿಸಿದೆ." ಬಟ್ಟೆಯನ್ನು ಕೋಲಿನಿಂದ ಎತ್ತಿ ನೋಡಿ ಮತ್ತೆ ನೀರಿಗಿಳಿಸಿದರು. "ಆದ್ರೂ ಸುಮ್ಕ ಕುಂಡರಲಿಲ್ಲ. ಅರ್ಧಾ ತಾಸ ಬಿಟ್ಟು ಸಾಹೇಬರ ಹಂತ್ಯಾಕ ನಾನ ಹೋದೆ. ನನಗ ಬಂದಷ್ಟು ಇಂಗ್ಲಿಷಿನಾಗ ಎಲ್ಲಾ ಹೇಳಿದೆ. ಒಂದ ಕಣ್ಣಿನ ಮಾತೂ ಹೇಳಿದೆ. ಸಾಹೇಬರು ನಕ್ಕರು. 'ಸಿಸ್ಟರ್, ನೀವು ದಣಿದೀರಿ. ಎಲ್ಲಾ ಸರಿ ಐತಿ ಅಂತ ನೀವ ಹೇಳಿದ್ದನ್ನ ಈಗರೆ ಪ್ರೊಫೆಸರು ಹೇಳ್ಯಾರಲ್ಲ' ಅಂದ್ರು."

ನಾನು ಅವರ ಮಾತನ್ನು ದಾಟಿಸಲಿಲ್ಲ ಎಂದಷ್ಟೇ ಇಷ್ಟು ದಿನ ತಿಳಿದಿದ್ದೆ. ಅವರು ತಾವೇ ದಾಟಿಸಲು ಹೋದಾಗ ಅಡ್ಡ ನಿಂತದ್ದೂ ನನ್ನ ಮಾತೇ.

"ತಪ್ಪಾತು ಅಂತ ನನ್ನ ಮುಂದ ಹೇಳಿ ಏನ ಮಾಡ್ತೀರಿ?" ಎಂದರು. "ಆ ನೇಕಾರಗ ಹೋಗಿ ಹೇಳ್ರಿ. ಅವಾ ನಾನ ಕಣ್ಣ ಕಳದೆ ಅಂತ ತಿಳ್ಕೊಂಡಾನ. ಸವದತ್ತಿ ಸಂತ್ಯಾಗ ಅವನ ಹೆಂಡ್ತಿ ಎದರಾದ್ಲು. ಉಗುಳಿದ್ಲು."

ಹೋಗುತ್ತೇನೆ ಎಂದೆ. ಸವದತ್ತಿಯಿಂದ ರಾಮದುರ್ಗಕ್ಕೆ ಬಸ್ಸು ಇದ್ದೇ ಇತ್ತು. ನಾನು ಧಾರವಾಡದ ಬಸ್ಸು ಹತ್ತಿದೆ. ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಆಮೇಲೆ ಲಗ್ನ, ಆಮೇಲೆ ಕೂಸು. ಎರಡು ವರ್ಷ ಹೋಯಿತು. ಬೈಲಹೊಂಗಲದ ಹಳೆಯ ಕಂಪೌಂಡರ್ ಧಾರವಾಡದ ಬಸ್ ನಿಲ್ದಾಣದಲ್ಲಿ ಸಿಕ್ಕು, ಬಾಯಿ ಕಾಮಣಿ ಹತ್ತಿ, ಮೈಯೆಲ್ಲ ಹಳದಿಯಾಗಿ ತೀರಿಕೊಂಡು ಒಂದು ತಿಂಗಳಾಯಿತು ಎಂದ. ಕಡೆಯ ವಾರದವರೆಗೂ ಹೆರಿಗೆಗೆ ಹೋಗುತ್ತಿದ್ದರಂತೆ. ಯಾರದೋ ರಕ್ತದಿಂದ ತಗುಲಿರಬೇಕು ಎಂದ.

ಮರುದಿನ ರಾಮದುರ್ಗಕ್ಕೆ ಹೋದೆ.

ನೇಕಾರ ಪಡಸಾಲೆಯಲ್ಲಿ ಕೂತು ರಾಟಿ ತಿರುಗಿಸಿ ಕಂಡಿಕೆಗೆ ನೂಲು ಸುತ್ತುತ್ತಿದ್ದ. ಒಳಗೆ ಅವನ ಮಗ್ಗದ ಮೇಲೆ ಹೆಂಡತಿ ಕೂತಿದ್ದಳು. ನಾನು ಯಾರೆಂದು ಹೇಳಿದೆ. ಎಲ್ಲವನ್ನೂ ಹೇಳಿದೆ: ಬಾಯಿ ಆಡಿದ ಮಾತು, ನಾನು ಹೇಳಿದ ಸುಳ್ಳು, ಹುಡುಗನ ಕೈ, ಪತ್ರದಲ್ಲಿ ಇಲ್ಲದ ಹೆಸರು, ಬಾಯಿಯ ಸಾವು. ರಾಟಿ ನಿಲ್ಲಿಸಿ ಕೇಳಿದ. ಮಗ್ಗವೂ ನಿಂತಿತು.

"ಮಾಸ್ತರ, ನಿಮ್ಮದು ದೊಡ್ಡ ಮನಸು" ಎಂದ. "ಸತ್ತ ಹೆಣ್ಮಗಳ ಮ್ಯಾಲ ಅಪವಾದ ಉಳೀಬಾರದಂತ ನಿಮ್ಮ ಮ್ಯಾಲ ಹಾಕ್ಕೊಳ್ಳಾಕತ್ತೀರಿ."

"ಇಲ್ಲಪ್ಪಾ. ಖರೇನ ಹೇಳಾಕತ್ತೇನಿ."

"ಅಂದು ಕಾಗದಾ ಓದಿದಾವರು ನೀವ ಅಲ್ಲೇನ್ರಿ? ಆ ದನಿ ನನಗ ಮರತಿಲ್ಲ. ಕಣ್ಣ ಹೋದಾವಗ ದನಿನ ಕಣ್ಣು. ಅಂದು ನಿಮ್ಮ ದನಿ ಗಟ್ಟಿ ಇತ್ತು. ಇವತ್ತು ನಡಗಾಕತ್ತೈತಿ. ಖರೆ ಹೇಳಾವರ ದನಿ ನಡಗೂದಿಲ್ರಿ." ನೂಲಿನ ತುದಿ ತಡವಿ ಹಿಡಿದುಕೊಂಡ. "ಜೀವಕ್ಕ ಹಚ್ಚಕೋಬ್ಯಾಡ್ರಿ. ಹುಬ್ಬಳ್ಳಿಗೆ ಬಸ್ಸಿನಾಗ ನನ್ನ ತಲಿ ಹಿಡಕೊಂಡು ಕುಂತಿದ್ಲು. ತಪ್ಪ ಮಾಡಿದಾಕಿ, ಪಾಪ, ಹೆದರಿರಬೇಕು. ಆಕಿನ್ನ ನಾ ಎಂದೋ ಮಾಫ್ ಮಾಡೇನಿ."

ಒಳಗಿನಿಂದ ಅವನ ಹೆಂಡತಿ ಚಾ ತಂದಿಟ್ಟಳು. ಇನ್ನೊಮ್ಮೆ ಹೇಳಬೇಕಾಗಿತ್ತು, ಅವನು ನಂಬುವ ತನಕ ಅಲ್ಲೇ ಕೂತು ಹೇಳಬೇಕಾಗಿತ್ತು. ನಾನು ಚಾ ಕುಡಿದು ಎದ್ದೆ.